ಸೌಟಿನ ಸದ್ದು ಕೇಳುವ ತನಕ

ನಮ್ಮೂರಲ್ಲಿ ಮನೆಗೆ ಯಾರೂ ಹೆಸರಿಡುವುದಿಲ್ಲ, ಅದು ಬಾಯಿಂದ ಬಿದ್ದುಬಿಡುತ್ತದೆ. ಸೂರು ಮುಗಿದ ಮೇಲೆ ಹೊಸ್ತಿಲು ದಾಟಿದ ಮೊದಲ ಮನುಷ್ಯ ಒಳಗೆ ನಿಂತು ಆಡಿದ ಮೊದಲ ಮಾತೇ ಆ ಮನೆಯ ಹೆಸರು. ಒಳ್ಳೆಯದೊಂದು ಶಬ್ದ ಆರಿಸಿ, ಅಡಿಕೆಯ ಹಾಗೆ ದವಡೆಯಲ್ಲಿ ಒತ್ತಿಟ್ಟುಕೊಂಡೇ ಎಲ್ಲರೂ ಬಲಗಾಲು ಎತ್ತುತ್ತಾರೆ. ಆದರೆ ಹೆಬ್ಬೆರಳಿಗೆ ಹೊಸ್ತಿಲು ತಾಗಿದ ಮೇಲೆ ಯಾವ ಶಬ್ದ ದವಡೆಯಲ್ಲಿ ನಿಲ್ಲುತ್ತದೆ ಹೇಳಿ? ಹಾಗಾಗಿ ನಮ್ಮ ಹುಣಸೆ ಸಾಲಿನಲ್ಲಿ ‘ಅಯ್ಯೋ ಕಾಲು!’ ಇದೆ. ‘ಇಷ್ಟೇನಾ?’ ಇದೆ. ಏದುಸಿರು ಬಿಡುತ್ತ ಬಂದವರೊಬ್ಬರ ‘ಬಂದ್ವಿ...’ ಇದೆ. ನಾನಿರುವುದು ‘ಯಾರೋ ಸೀನಿದ್ರು’ ಅನ್ನುವ ಮನೆಯಲ್ಲಿ. ಸೀನಿದವರು ಯಾರು ಅನ್ನುವ ವ್ಯಾಜ್ಯ ತಾತನ ಕಾಲದಿಂದ ನಡೆಯುತ್ತಿದೆ, ಇನ್ನೂ ಇತ್ಯರ್ಥವಾಗಿಲ್ಲ.

ನಮ್ಮ ಗೋಡೆಗೆ ಗೋಡೆ ಕೊಟ್ಟು ನಿಂತಿರುವುದು ‘ಏನೂ ಇಲ್ಲ’. ನಿಂಗಾಜಮ್ಮಜ್ಜಿ ಹೊಸ ಸೊಸೆಯಾಗಿ ಆ ಹೊಸ ಮನೆಗೆ ಕಾಲಿಟ್ಟಾಗ ಹಿಂದಿನಿಂದ ಅತ್ತೆ, “ಹಾವು ಚೇಳು ಏನಾದ್ರೂ ಅದಾ ನೋಡೇ” ಎಂದಳಂತೆ. ಇವಳು ನೋಡಿ ಹೇಳಿದಳಂತೆ. ಅಷ್ಟೇ. ಆ ಅತ್ತೆಯ ಗಂಟಲನ್ನು ಅಜ್ಜಿ ಎಷ್ಟು ಸಲ ಅಣಕಿಸಿ ತೋರಿಸಿದ್ದಾಳೆಂದರೆ, ಸತ್ತು ಎಷ್ಟೋ ವರ್ಷವಾದ ಆ ಹೆಂಗಸನ್ನು ನಾನೂ ಅಣಕಿಸಬಲ್ಲೆ. ನನ್ನ ಹೆಸರು ಪಂಚಾಕ್ಷರಿ. ಕಾಲೇಜಿನಲ್ಲಿ ಕಲಿತದ್ದು ಬಿ.ಎಸ್ಸಿ., ಕಾಲೇಜಿಗೆ ಕಲಿಸಿದ್ದು ಪ್ರಿನ್ಸಿಪಾಲರ ದನಿ. ಎರಡರಲ್ಲಿ ಯಾವುದು ಹೆಚ್ಚು ಉಪಯೋಗಕ್ಕೆ ಬಂತು ಅನ್ನುವುದೇ ಈ ಕಥೆ.

ಮನೆಗೆ ಹೋಗಬೇಕಾದವರು ಬಾವಿಕಟ್ಟೆಗೆ ಬಂದು, ಅಲ್ಲಿನ ಹಿತ್ತಾಳೆ ಕೊಳವೆಗೆ ಬಾಯಿಟ್ಟು ದಾರಿ ಹೇಳಬೇಕು. ಬುಡದಿಂದ ತುದಿಯ ತನಕ, ಒಂದು ಹೆಸರಿಗೂ ಇನ್ನೊಂದಕ್ಕೂ ನಡುವೆ ಬಲಗೈಯಲ್ಲಿ ಒಂದು ಚಿಟಿಕೆ. ‘ಬುಡ’, ಚಿಟಿಕೆ, ‘ಮೇಲಿನ ಕೇರಿ’, ಚಿಟಿಕೆ, ‘ಹುಣಸೆ ಸಾಲು’, ಚಿಟಿಕೆ, ‘ಯಾರೋ ಸೀನಿದ್ರು’. ಕಟ್ಟೆಯ ಪಕ್ಕದ ದಾರಿ ಕಚೇರಿಯ ಯಂತ್ರ ಕೇಳಿಸಿಕೊಂಡು ದಾರಿ ಬಿಡುತ್ತದೆ. ಹೇಳದೆ ಹೊರಟರೆ ಎಷ್ಟು ನಡೆದರೂ ಬಾವಿಕಟ್ಟೆಗೇ ಬರುತ್ತೀರಿ. ಗೋಡೆ ಹಾರಿದರೆ ಹಾರಿದ ಕಡೆಗೇ ಬೀಳುತ್ತೀರಿ. ಮನೆಯಿಂದ ಹೊರಗೆ ಬರಲು ಮಾತ್ರ ಯಾರ ಹಂಗೂ ಇಲ್ಲ, ಎಲ್ಲ ಬಾಗಿಲೂ ಕಟ್ಟೆಗೇ ತೆರೆಯುತ್ತವೆ. ಸಾಮಾನಾದರೆ ಕೊಳವೆಯ ಕೆಳಗಿನ ಹಾಸುಗಲ್ಲ ಮೇಲಿಟ್ಟು ದಾರಿ ಹೇಳಿದರೆ ಸಾಕು, ತಾನೇ ಹೋಗಿ ಬಾಗಿಲಲ್ಲಿ ಕೂರುತ್ತದೆ. ಯಂತ್ರ “ತಲುಪಿತು” ಎನ್ನುತ್ತದೆ. ಸದ್ದೊಂದೇ ಯಾರ ಅಪ್ಪಣೆಯನ್ನೂ ಕೇಳದೆ ಗೋಡೆ ದಾಟುವುದು.

ಅಜ್ಜಿಯ ಮಗಳು ಚಿಕ್ಕತಾಯಕ್ಕ ಮದುವೆ ಮುಂಜಿಗಳಿಗೆ ಪಾತ್ರೆ ಬಾಡಿಗೆಗೆ ಕೊಡುವವಳು. ಹೋದ ಪಾತ್ರೆ ವಾಪಸು ಬಂದರೆ ಮೊದಲು ಕಬ್ಬಿಣದ ಸೌಟು ತೆಗೆದು ಅದರ ಹೊಟ್ಟೆಗೆ ಒಂದು ಬಡಿಯುತ್ತಾಳೆ. ಒಡಕಿದ್ದರೆ ದನಿ ಹೇಳುತ್ತದಂತೆ. ಆ ‘ಠಣ್’ ಬಾವಿಕಟ್ಟೆಯವರೆಗೂ ಕೇಳುತ್ತದೆ. ಅದು ಕೇಳಿದ ಮೇಲೆಯೇ ಬಾಡಿಗೆಗೆ ತಂದವರು ಹೆಗಲ ಟವೆಲು ಒದರಿಕೊಂಡು ಹೊರಡುವುದು.

ಹೀಗಿರುವಾಗ ಹಳೆ ಯಂತ್ರ ಒಂದು ದಿನ ಕೆಮ್ಮಿ ನಿಂತಿತು. ಹೊಸದನ್ನು ಮೇಲಿನವರು ಕಳಿಸಿದರು, ಜೊತೆಗೆ ಮೇಲ್ವಿಚಾರಕರಾಗಿ ಪರಶಿವಮೂರ್ತಿಯವರನ್ನೂ ಕಳಿಸಿದರು. ಸಭ್ಯ ಮನುಷ್ಯ. ಯಾರ ಜೊತೆ ಮಾತಾಡುವಾಗಲೂ ಕಣ್ಣು ಯಂತ್ರದ ಪರದೆಯ ಮೇಲೇ ಇರುತ್ತಿದ್ದುದರಿಂದ ನಾನು ಅವರಿಗೆ ಪರದೆಶಿವಮೂರ್ತಿ ಎಂದು ಹೆಸರಿಟ್ಟೆ. ಹೊಸ ಯಂತ್ರ ಬೇರೆ ಸೀಮೆಯದು, ಅದಕ್ಕೆ ಚಿಟಿಕೆ ಎಡಗೈಯಲ್ಲಿ ಹೊಡೆಯಬೇಕಿತ್ತು. ಊರು ಸಿಟ್ಟಾಯಿತು. “ಎಡಗೈಯಲ್ಲಿ ಮನೆಗೆ ಹೋಗಕ್ಕೆ ನಾವೇನ್ ಸೂತಕದೋರಾ?” ಎಂದು ಕಟ್ಟೆಯ ಹೋಟೆಲಿನ ಮಾದಪ್ಪ ಕೊಳವೆಗೇ ಉಗಿದ. ಆಗ ಬಿ.ಎಸ್ಸಿ. ಓದಿದವನೆಂದು ನನ್ನನ್ನು ಕಚೇರಿ ಕೆಲಸಕ್ಕೆ ಕರೆದು, ಹಳೆಯ ಮಾತು ಹೊಸ ಯಂತ್ರಕ್ಕೆ ತಿಳಿಯುವ ಹಾಗೆ ನಡುವೆ ಒಂದು ಪದರ ಹೊಲಿಯಲು ಹೇಳಿದರು. ಕಾಗದದಲ್ಲಿ ಅದು ‘ನಡುಪದರ’, ಊರ ಬಾಯಲ್ಲಿ ‘ದುಭಾಷಿ’, ಕೆಟ್ಟಾಗ ‘ದುರ್ಭಾಷಿ’. ಜನ ಬಲಗೈಯಲ್ಲಿ ಚಿಟಿಕೆ ಹೊಡೆದರೆ ದುಭಾಷಿ ಅದನ್ನು ಒಳಗೊಳಗೇ ಎಡಗೈಯದು ಮಾಡಿ ಯಂತ್ರಕ್ಕೆ ದಾಟಿಸುತ್ತಿತ್ತು. ಊರಿಗೆ ಹಳೆ ಯಂತ್ರದ ಹಾಗೆ, ಯಂತ್ರಕ್ಕೆ ಅದರ ಸೀಮೆಯವರ ಹಾಗೆ. ಎರಡು ಕಡೆಯೂ ನಾಟಕ. ನನಗೆ ಹೇಳಿ ಮಾಡಿಸಿದ ಕೆಲಸ.

ಚಿಟಿಕೆ ಸರಿಹೋಯಿತು, ಹೆಸರುಗಳು ಸರಿಹೋಗಲಿಲ್ಲ. ಹೊಸ ಯಂತ್ರ ಪ್ರಶ್ನೆಯ ರಾಗವೋ ಉದ್ಗಾರವೋ ಇರುವ ಹೆಸರನ್ನು ಒಪ್ಪದು. ಕೊನೆಯಲ್ಲಿ ಎಳೆದ ಚುಕ್ಕಿಗಳನ್ನು ಕೇಳದೆ ನುಂಗಿಬಿಡುವುದು. ಒಪ್ಪದ ಹೆಸರಿಗೆ “ಇಂಥ ದಾರಿ ಇಲ್ಲ” ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿತ್ತು. ಅದಾದರೂ ವಾಸಿ. ಕೆಲವು ಹೆಸರುಗಳನ್ನು ಅದು ತನ್ನ ಕೈಕಾಲುಗಳಿಗೆಂದು ಮೊದಲೇ ತೆಗೆದಿಟ್ಟುಕೊಂಡಿತ್ತು. ‘ಏನೂ ಇಲ್ಲ’ ಅನ್ನುವುದು ಅದರ ಬಚ್ಚಲ ಕಿಂಡಿ. ಬೇಡದ್ದನ್ನೆಲ್ಲ ಅದು ಸುರಿಯುವುದು ಅಲ್ಲಿಗೆ. ಯಾವ ಕೇರಿಯಲ್ಲಿ, ಯಾವ ಸಾಲಿನಲ್ಲಿ ಆ ಹೆಸರು ಹೇಳಿದರೂ ಅದಕ್ಕೆ ಒಂದೇ ಅರ್ಥ.

ನಮಗೆ ಇದು ಗೊತ್ತಾದದ್ದು ದುಭಾಷಿ ಕೆಲಸಕ್ಕೆ ಕೂತ ಮೊದಲ ಬೆಳಗ್ಗೆ, ಕೊಪ್ಪರಿಗೆಯಿಂದ. ಮಾದಪ್ಪ ಮಗಳ ನಿಶ್ಚಿತಾರ್ಥಕ್ಕೆ ತಂದಿದ್ದ ದೊಡ್ಡ ತಾಮ್ರದ ಕೊಪ್ಪರಿಗೆ, ಚಿಕ್ಕತಾಯಕ್ಕನ ಪಾತ್ರೆಗಳಲ್ಲೆಲ್ಲ ಹಿರಿಯದು. ತೊಳೆದು ಹಾಸುಗಲ್ಲ ಮೇಲಿಟ್ಟು ದಾರಿ ಹೇಳಿದ. ಕೊಪ್ಪರಿಗೆ ಹೊರಟಿತು. “ತಲುಪಿತು” ಎಂದಿತು ಯಂತ್ರ, ಎಂದಿನ ಹಾಗೇ, ಇನ್ನೂ ಸ್ವಲ್ಪ ನಯವಾಗಿಯೇ. ಮಾದಪ್ಪ ಟವೆಲು ಹಿಡಿದು ನಿಂತ. ನಿಂತೇ ಇದ್ದ.

“ಪಂಚಾಕ್ಷರಿ, ಸದ್ದೇ ಬರ್ನಿಲ್ವಲ್ಲಯ್ಯ?”

“ಸೌಟು ಹುಡುಕ್ತಿರ್ಬೇಕು ತಗೊ.”

ಅಷ್ಟರಲ್ಲಿ ಮೇಲಿನ ಕೇರಿಯ ಕಡೆಯಿಂದ ಚಿಕ್ಕತಾಯಕ್ಕನ ಕೂಗು ಬಂತು: “ಲೋ ಮಾದಪ್ಪಾ, ಕೊಪ್ಪರಿಗೆ ಇವತ್ತು ಕಳಿಸ್ತೀಯೋ, ಮೊಮ್ಮಗನ ನಾಮಕರಣ ಮುಗಿಸ್ಕೊಂಡು ಕಳಿಸ್ತೀಯೋ?” ಮಾದಪ್ಪನ ಕೈಯಿಂದ ಟವೆಲು ಜಾರಿತು. ನಿಂಗಾಜಮ್ಮಜ್ಜಿ ಆಗ ಕಟ್ಟೆಗೆ ಬರಲು ಹೊಸ್ತಿಲಲ್ಲಿ ಕೂತು ಚಪ್ಪಲಿಗೆ ಕಾಲು ತೂರಿಸುವ ಹೊತ್ತು. ದಿನಾ ಬೆಳಗ್ಗೆ ಬರುತ್ತಾಳೆ, ಕಾಫಿ ಕುಡಿಯುತ್ತಾಳೆ, ನಾಲ್ಕು ಜನರನ್ನು ಬೈದು, ದಾರಿ ಹೇಳಿ ವಾಪಸು ಹೋಗುತ್ತಾಳೆ. ನಾನು ಕೊಳವೆಯನ್ನೇ ತಿರುಗಿಸಿ ಗಂಟಲು ಹರಿಯುವ ಹಾಗೆ ಕೂಗಿದೆ: “ತಾಯಕ್ಕಾ, ಅಜ್ಜೀನ ಹಿಡ್ಕೊ! ಹೊರಗೆ ಬಿಡ್ಬೇಡ!”

ಅವತ್ತಿನಿಂದ ಅವರಿಬ್ಬರೂ ಒಳಗೆ. ಹೊರಗೆ ಬರಬಹುದಿತ್ತು, ಬಂದರೆ ವಾಪಸು ಹೋಗುವಂತಿರಲಿಲ್ಲ. ಕಣಜದಲ್ಲಿ ರಾಗಿ ಇತ್ತು, ಹಿತ್ತಲಲ್ಲಿ ನುಗ್ಗೆಮರ ಇತ್ತು. ಮದುವೆಗಾಗುವಷ್ಟು ಪಾತ್ರೆ, ಬೇಯಿಸಲು ಎರಡು ಹೊಟ್ಟೆಗಾಗುವಷ್ಟು ಹಿಟ್ಟು.

ಮೇಲ್ವಿಚಾರಕರು ಆದೇಶ ಹೊರಡಿಸಿದರು: ಯಂತ್ರ ಒಪ್ಪದ ಹೆಸರಿನವರೆಲ್ಲ ಹೆಸರು ಬದಲಾಯಿಸತಕ್ಕದ್ದು. ಊರು ಗೊಣಗಿಕೊಂಡು ಬದಲಾಯಿಸಿತು. ಇಷ್ಟಬಂದ ಹೆಸರಿಡಿ ಎಂದು ಎಂದೂ ಯಾರೂ ಹೇಳದ ಊರಿನಲ್ಲಿ ಹಾಗೆ ಹೇಳಿದರೆ ಏನಾಗಬೇಕೋ ಅದೇ ಆಯಿತು. ‘ಇಷ್ಟೇನಾ?’ದವರು ‘ಶಾಂತಿ ನಿಲಯ’ ಎಂದರು. ‘ಅಯ್ಯೋ ಕಾಲು!’ನವರೂ ಶಾಂತಿ ನಿಲಯವೇ. ‘ಬಂದ್ವಿ...’ಯವರು ಪೇಟೆಗೆ ಹೋಗಿ ಫಲಕ ಬರೆಸಿಕೊಂಡು ಬಂದು ನೋಡಿದರೆ ಅದರಲ್ಲೂ ಶಾಂತಿ ನಿಲಯ. ಒಂದೇ ಸಾಲಿನಲ್ಲಿ ಅಷ್ಟು ಶಾಂತಿ ಇದ್ದರೆ ನೆಮ್ಮದಿ ಎಲ್ಲಿಂದ ಬರಬೇಕು! ಒಬ್ಬರ ಮನೆಯ ಸೊಪ್ಪು ಇನ್ನೊಬ್ಬರ ಸಾರಾಯಿತು. ಗಂಡಸರು ಬಾಗಿಲು ತಟ್ಟುವ ಮೊದಲು ಹೆಂಡತಿಯ ದನಿ ಕೇಳಿಸಿಕೊಂಡು ಖಾತ್ರಿ ಮಾಡಿಕೊಳ್ಳತೊಡಗಿದರು. ಕೆಲವರು ಖಾತ್ರಿಯಾದ ಮೇಲೆ ಮುಂದಿನ ಶಾಂತಿ ನಿಲಯಕ್ಕೆ ಹೋದರೆಂದೂ ಮಾತಿದೆ.

ಚಿಕ್ಕತಾಯಕ್ಕ ಮಾತ್ರ ಒಪ್ಪಲಿಲ್ಲ. ಪರಶಿವಮೂರ್ತಿ ನಮ್ಮ ಹಿತ್ತಲಿಗೇ ಬಂದರು. ಒಗೆಯುವ ಕಲ್ಲಿನ ಮೇಲೆ ನಿಂತು ಗೋಡೆಯಾಚೆಗೆ ಮಾತಾಡಿದರು.

“ಅಮ್ಮಾ, ನಾನು ಮೇಲ್ವಿಚಾರಕ ಪರಶಿವಮೂರ್ತಿ.”

“ಯಾವನೇ ಅವ್ನು?” ಎಂದಿತು ಅಜ್ಜಿಯ ದನಿ.

“ದಾರಿ ಕಚೇರಿ ಸಾಹೇಬ್ರು ಕಣವ್ವ, ಸುಮ್ಕಿರು. ಹೇಳಿ ಸಾಹೇಬ್ರೆ. ಹೋದ್ ಸಲ ಪಂಚು ಕೈಲಿ ಹೇಳ್ಕಳ್ಸಿದ್ರಲ್ಲ, ‘ಎಲ್ಲಾ ಇದೆ’ ಅಂತ ಇಟ್ಕೊಳ್ಳಿ ಅಂತ?”

“ಹೌದಮ್ಮ. ಎಷ್ಟು ಲಕ್ಷಣವಾಗಿದೆ!”

“ಲಕ್ಷಣಕ್ಕೇನು. ನಂಗೆ ನೆನಪಿರ್ತದೆ, ನಮ್ಮವ್ವಂಗೆ ಇರ್ಬೇಕಲ್ಲ? ಒಂದೊಂದ್ ದಿನ ನಾನು ಯಾರು ಅಂತ್ಲೇ ಗೊತ್ತಾಗಲ್ಲ ಅವಳ್ಗೆ. ‘ಯಾರಮ್ಮ ನೀನು, ಒಳ್ಳೇ ಸಾರು ಮಾಡ್ತೀಯ’ ಅಂತಾಳೆ. ತಲೇಲಿ ಉಳ್ಕೊಂಡಿರೋದು ಈ ಮನೆ ಹೆಸ್ರೊಂದೇ. ಎಲ್ಲಿಗ್ ಹೋದ್ರೂ ಅದನ್ನ ಹಿಡ್ಕೊಂಡು ವಾಪಸ್ ಬರ್ತಾಳೆ. ಅದ್ನೂ ಕಿತ್ಕೊಂಡ್ರೆ ಎಲ್ಲಿಗ್ ಬರ್ಬೇಕು ಅವಳು?”

“ಹೊಸದನ್ನ ಹೇಳ್ಕೊಡಿ, ನಿಧಾನಕ್ಕೆ ಕಲೀತಾರೆ.”

“ಹೇಳ್ಕೊಟ್ಟೆ. ಬೆಳಗ್ಗೆಯಿಂದ ‘ಎಲ್ಲಾ ಇದೆ, ಎಲ್ಲಾ ಇದೆ’ ಅಂತ ಗಿಣಿ ಥರ ಅಂದ್ಲು. ಊಟಕ್ ಕೂತಾಗ ‘ಇದ್ಮೇಲೆ ಇನ್ನೊಂದ್ ಮುದ್ದೆ ಹಾಕೇ, ಯಾಕ್ ಜಿಪುಣತನ’ ಅಂದ್ಲು. ಆಮೇಲ್ ಮರ್ತೋದ್ಲು.”

ನಾನು ಕೆಮ್ಮಿನಲ್ಲಿ ನಗು ಮುಚ್ಚಿದೆ. ಪರಶಿವಮೂರ್ತಿ ನಗಲಿಲ್ಲ. “ನಿಯಮ ನಂದಲ್ಲಮ್ಮ, ಯಂತ್ರದ್ದು,” ಎಂದರು.

“ನಾವು ಮೊದ್ಲಿಂದ ಇಲ್ಲಿದೀವಿ. ನಿಮ್ ಯಂತ್ರ ಮೊನ್ನೆ ಬಂತು. ಬಂದಿದ್ದು ನಮ್ ಮನೆ ಹೆಸ್ರನ್ನ ತನ್ ಬಚ್ಚಲಿಗ್ ಇಟ್ಕೊಂಡೈತೆ. ಬದ್ಲಾಯಿಸ್ಬೇಕಾದೋರು ಯಾರು ಸಾಹೇಬ್ರೆ? ಹೋಗಿ, ಬಚ್ಚಲಿಗೆ ಬೇರೆ ಹೆಸ್ರಿಡಿ. ನನ್ ಮಾತು ಇಷ್ಟೇ.”

ಆಮೇಲೆ ಗೋಡೆಯಾಚೆ ಬರೀ ರಾಗಿ ಬೀಸುವ ಸದ್ದು. ಕಲ್ಲಿನ ಮೇಲಿಂದ ಇಳಿಯುತ್ತ ಅವರು ನನಗೆ ಹೇಳಿದರು, “ರಾಗಿ ಮುಗಿದ ಮೇಲೆ ಒಪ್ತಾರೆ ಬಿಡಿ.” ದನಿಯಲ್ಲಿ ಕ್ರೂರತನ ಇರಲಿಲ್ಲ, ಅದೇ ನನಗೆ ಹೆಚ್ಚು ಉರಿಸಿತು. ಯಂತ್ರ ಕೂಡ “ತಲುಪಿತು” ಅನ್ನುವುದು ಹೀಗೇ.

ಉರಿ ತೀರಿಸಿಕೊಳ್ಳಲು ನಾನು ಅವರ ದನಿಯಲ್ಲೇ ಗೋಡೆಯಾಚೆ ಕೂಗಿದೆ: “ಅಮ್ಮಾ, ನಿಯಮದ ಪ್ರಕಾರ ಮುದ್ದೆಯನ್ನು ಚೌಕಾಕಾರದಲ್ಲಿ ಕಟ್ಟತಕ್ಕದ್ದು!”

ಬೀಸುವ ಕಲ್ಲು ನಿಂತಿತು. “ಇನ್ನೂ ಹೋಗಿಲ್ವಾ ಈ ಮನ್ಷ?” ಎಂದಳು ಚಿಕ್ಕತಾಯಕ್ಕ. ಆದರೆ ಅಜ್ಜಿ, ಮಗಳನ್ನೇ ಮರೆಯುವ ಅಜ್ಜಿ, ಕಿಸಕ್ಕನೆ ನಕ್ಕಳು. “ಅವ್ನಲ್ಲ ಕಣೇ. ನಮ್ ಪಂಚು. ಮೊದಲ್ನೇ ಅಕ್ಷರಕ್ಕೆ ವೇಷ ಹಾಕವ್ನೆ, ಹಿಂದೆ ಎಲ್ಲಾ ಅವ್ನೇ.”

ನಾನು ಒಗೆಯುವ ಕಲ್ಲಿನ ಮೇಲೇ ಕೂತುಬಿಟ್ಟೆ. ಮೊದಲ ಅಕ್ಷರಕ್ಕಷ್ಟೇ ವೇಷ!

ಯಂತ್ರಗಳಿಗೆ ಅಕ್ಷರಗಳನ್ನು ಹಂಚಿಕೊಟ್ಟವರು ಒಂದು ದೊಡ್ಡ ಬಯಲನ್ನು ಯಾರಿಗೂ ಕೊಡದೆ ಹಾಗೇ ಬಿಟ್ಟಿದ್ದಾರೆ. ಅಲ್ಲಿನ ಅಕ್ಷರಗಳಿಗೆ ರೂಪವಿಲ್ಲ, ಉಚ್ಚಾರವಿಲ್ಲ, ಒಡೆಯರಿಲ್ಲ. ಬೇಕಾದವರು ಬೇಕಾದ್ದಕ್ಕೆ ಬಳಸಿಕೊಳ್ಳಬಹುದು. ದುಭಾಷಿಯ ಒಳಗೆ ‘ಏನೂ ಇಲ್ಲ’ ಬಂದಾಗ ಅದರ ಮೊದಲ ಅಕ್ಷರವನ್ನು ತೆಗೆದು, ಆ ಬಯಲಿನ ಒಂದು ಅಕ್ಷರದ ಮುಖವಾಡ ತೊಡಿಸಿ ಯಂತ್ರಕ್ಕೆ ದಾಟಿಸಿದರೆ? ಅದಕ್ಕೆ ಇದು ಯಾವುದೋ ಗುರುತಿಲ್ಲದ ಹೊಸ ಹೆಸರು, ಬಚ್ಚಲಿನದಲ್ಲ. ಆ ಹೆಸರನ್ನೇ ಮನೆಯ ಹೆಸರೆಂದು ಅದರ ಪಟ್ಟಿಗೆ ಸೇರಿಸಿದರಾಯಿತು. ವಾಪಸು ಬರುವಾಗ ದುಭಾಷಿ ಮುಖವಾಡ ಕಳಚುತ್ತದೆ. ಊರಿಗೆ ಅದೇ ಹಳೆಯ ಹೆಸರು. ಪ್ರಶ್ನೆಯ ರಾಗಕ್ಕೂ, ಉದ್ಗಾರಕ್ಕೂ, ಕೊನೆಯ ಚುಕ್ಕಿಗಳಿಗೂ ಇದೇ ಮದ್ದು.

ಪರಶಿವಮೂರ್ತಿಯವರಿಗೆ ಹೇಳಿದೆ. ಅವರು ಮೊದಲ ಸಲ ಪರದೆಯಿಂದ ಕಣ್ಣು ತೆಗೆದರು. “ಇದು ಯಂತ್ರಕ್ಕೆ ಮಾಡೋ ಮೋಸ ಪಂಚಾಕ್ಷರಿ. ಆದೇಶ ಇರೋದು ಹೆಸರು ಬದಲಾಯಿಸೋಕೆ, ವೇಷ ಹಾಕೋಕಲ್ಲ. ಅದೂ ಅಲ್ಲದೆ, ಕೆಲಸ ಮಾಡ್ತು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?”

ಒಂದು ಚೊಂಬು ಕಳಿಸಿ ನೋಡಬಹುದು. ಸದ್ದು ಬಂದರೆ ಬಂತು. ಆದರೆ ಚೊಂಬು ಹೋದ ದಾರಿಯಲ್ಲಿ ಮನುಷ್ಯರೂ ಹೋಗುತ್ತಾರೆಂದು ಹೇಳುವವರು ಯಾರು? ದುಭಾಷಿ ಸಾಮಾನನ್ನು ಒಂದು ಬಾಗಿಲಿಂದ, ಮನುಷ್ಯರನ್ನು ಇನ್ನೊಂದು ಬಾಗಿಲಿಂದ ದಾಟಿಸುತ್ತಿತ್ತು. ಸರಿಹೋದರೂ ತಪ್ಪಿದರೂ ಯಂತ್ರ ಹೇಳುವುದು ಒಂದೇ ಮಾತು.

ಯೋಚಿಸಲು ಬಹಳ ದಿನ ಸಿಗಲಿಲ್ಲ. ಒಂದು ಬೆಳಗ್ಗೆ ಚಿಕ್ಕತಾಯಕ್ಕ ನುಗ್ಗೆಕಾಯಿ ಕೀಳಲು ಹಿತ್ತಲಿಗೆ ಹೋಗಿದ್ದಾಗ ಅಜ್ಜಿ ಚಪ್ಪಲಿ ಮೆಟ್ಟಿ ಕಟ್ಟೆಗೆ ಬಂದುಬಿಟ್ಟಳು. ಏನೂ ಆಗದವಳ ಹಾಗೆ ಮಾದಪ್ಪನ ಬೆಂಚಿನ ಮೇಲೆ ಕೂತು, “ಕಾಫಿ ಕೊಡೋ, ಸಕ್ಕರೆ ಕದೀಬೇಡ,” ಎಂದಳು. ಮಾದಪ್ಪ ಸುರಿದ ಕಾಫಿ ಅರ್ಧ ಬಸಿಯಲ್ಲೇ ಹೋಯಿತು. ಸುದ್ದಿ ಹರಡಿ ಕಟ್ಟೆಯ ಸುತ್ತ ಜನ ಸೇರಿದರು. ಮೇಲಿನ ಕೇರಿಯಿಂದ ಚಿಕ್ಕತಾಯಕ್ಕನ ಕೂಗು: “ಅವ್ವಾ! ಅವ್ವಾ ಎಲ್ಲಿದೀಯೇ?” ಆಮೇಲೆ ಆ ಕೂಗು ಅಳುವಾಯಿತು.

ಅಜ್ಜಿ ಲೋಟ ಕೆಳಗಿಟ್ಟು ಎದ್ದಳು. “ಮನೇಲಿ ಯಾರೋ ಅಳ್ತಾವ್ರೆ. ಹೋಗ್ಬೇಕು.”

“ಅಜ್ಜಿ, ಇವತ್ತು ಇಲ್ಲೇ ಇರಿ. ಕಚೇರೀಲಿ ಹಾಸಿಗೆ ಹಾಕ್ಸ್ತೀನಿ,” ಎಂದರು ಪರಶಿವಮೂರ್ತಿ.

“ನನ್ ಮನೆಗೆ ನಾನು ಹೋಗಕ್ಕೆ ನೀನ್ಯಾವನಪ್ಪ ಹಾಸಿಗೆ ಹಾಕ್ಸೋನು?” ಅವರನ್ನು ಬಾಗಿಲ ಪರದೆ ಸರಿಸಿದ ಹಾಗೆ ಪಕ್ಕಕ್ಕೆ ಸರಿಸಿ ಅಜ್ಜಿ ಕೊಳವೆಗೆ ಬಾಯಿಟ್ಟಳು. “ಬುಡ.” ಚಿಟಿಕೆ. “ಮೇಲಿನ ಕೇರಿ.” ಚಿಟಿಕೆ. ಯಾರೂ ಅವಳನ್ನು ಮುಟ್ಟಲಿಲ್ಲ. ದಾರಿ ಹೇಳುವವರನ್ನು ಮುಟ್ಟುವ ಪದ್ಧತಿ ನಮ್ಮಲ್ಲಿಲ್ಲ, ಅರ್ಧ ದಾರಿಯಲ್ಲಿ ಕೈ ತಾಗಿದರೆ ಇಬ್ಬರೂ ಅರ್ಧದಲ್ಲೇ ಉಳಿಯುತ್ತಾರೆ. “ಹುಣಸೆ ಸಾಲು.” ಚಿಟಿಕೆ.

ನಾನು ಕಚೇರಿಯ ಕಿಟಕಿಯಿಂದ ಕಿರುಚಿದೆ. ನನ್ನ ದನಿಯಲ್ಲಲ್ಲ, ಸತ್ತ ಅತ್ತೆಯ ದನಿಯಲ್ಲಿ: “ನಿಂಗೀ! ನಾನ್ ಹೇಳೋಗಂಟ ಒಳಕ್ ಕಾಲಿಟ್ಟೀಯಾ, ಜೋಕೆ!”

ಅಜ್ಜಿ ಕಲ್ಲಾದಳು. ಕೈ ತಾನಾಗಿ ಸೆರಗೆಳೆದು ತಲೆಯ ಮೇಲೆ ಹೊದ್ದುಕೊಂಡಿತು. “ಇಲ್ಲ ಅತ್ತೆಮ್ಮ,” ಎಂದಳು, ಹದಿನಾರರ ಹುಡುಗಿಯ ದನಿಯಲ್ಲಿ.

ನಾನು ಕೀಲಿಮಣೆಗೆ ಕೂತೆ. ಮನಸ್ಸಿನಲ್ಲಿ ಹೊಲಿದಿಟ್ಟದ್ದೇ, ಬೆರಳಿಗೆ ಇಳಿಸುವುದಷ್ಟೇ ಬಾಕಿ. ಪರಶಿವಮೂರ್ತಿ ಬಾಗಿಲಲ್ಲಿ ನಿಂತರು. “ಪಂಚಾಕ್ಷರಿ, ಇದು ಆದೇಶದ ಉಲ್ಲಂಘನೆ. ನಿಮ್ಮ ಕೆಲಸ ಹೋಗುತ್ತೆ.”

“ನಾನೇ ಹೋಗ್ತಾ ಇದೀನಿ ಸಾರ್, ಕೆಲಸ ಹೋಗೋದೇನು ಮಹಾ,” ಎಂದು ಕೊನೆಯ ಹೊಲಿಗೆ ಹಾಕಿ ಎದ್ದೆ. ಅಜ್ಜಿಯ ಪಕ್ಕ ನಿಂತು ಕೊಳವೆಗೆ ಬಾಯಿಟ್ಟೆ. ಮಾದಪ್ಪನಿಗೆ ಹೇಳಿದೆ, “ಸದ್ದು ಬಂದ್ರೆ ಅಜ್ಜೀನ ಕಳ್ಸು. ಬರ್ಲಿಲ್ಲ ಅಂದ್ರೆ ಇನ್ನೊಂದ್ ಕಾಫಿ ಕೊಡು, ಕೊಡ್ತಾನೇ ಇರು.”

ಬುಡ, ಮೇಲಿನ ಕೇರಿ, ಹುಣಸೆ ಸಾಲು. ಮೂರು ಸಲವೂ ಚಿಟಿಕೆ ಬೆವರಿಗೆ ಜಾರಿ ಎರಡೆರಡು ಬಾರಿ ಹೊಡೆಯಬೇಕಾಯಿತು. ಆಮೇಲೆ ಆ ಹೆಸರು. “ತಲುಪಿತು” ಎಂದು ಬೆನ್ನ ಹಿಂದೆ ಯಂತ್ರ ಹೇಳಿದ್ದು ಕೇಳಿಸಿತು, ನಾನಿನ್ನೂ ಎರಡು ಹೆಜ್ಜೆಯನ್ನೂ ಇಟ್ಟಿರಲಿಲ್ಲ. ದಾರಿ ದಿನದ ದಾರಿಯ ಹಾಗೇ ಇತ್ತು. ಸಗಣಿ ಇತ್ತು, ಹುಣಸೆ ತರಗು ಇತ್ತು, ಯಾರದೋ ಒಗೆದ ಪಂಚೆ ಹಾರುತ್ತಿತ್ತು. ಕೊಪ್ಪರಿಗೆಗೂ ದಾರಿ ಹೀಗೇ ಕಂಡಿತ್ತೇನೋ ಅನ್ನಿಸಿತು. ಎಡಕ್ಕೆ ತಿರುಗುವ ಮೂಲೆಯಲ್ಲಿ ಕಣ್ಣು ಮುಚ್ಚಿಕೊಂಡೆ. ಹೆಬ್ಬೆರಳಿಗೆ ಹೊಸ್ತಿಲು ಬಡಿಯಿತು.

ಅಷ್ಟು ಚೆಂದದ ನೋವು ನಾನು ಉಂಡಿಲ್ಲ.

ಚಿಕ್ಕತಾಯಕ್ಕ ಅತ್ತ ಮುಖದಲ್ಲೇ ನನ್ನನ್ನು ನೋಡಿದಳು. ಸೌಟು ಕೈಗೆತ್ತಿಕೊಂಡು ಮೊದಲು ನನ್ನ ತಲೆಗೆ ಮೆಲ್ಲಗೆ ಒಂದು ಬಡಿದಳು. “ಒಡಕು ಐತೆ,” ಎಂದಳು. “ಮೊದ್ಲಿಂದ್ಲೂ ಇತ್ತು ಬಿಡು.” ಆಮೇಲೆ ಓಡಿಹೋಗಿ ಸಿಕ್ಕ ಹಂಡೆ, ಸಿಕ್ಕ ದಬರಿ, ಸಿಕ್ಕ ಪರಾತ, ಎಲ್ಲವಕ್ಕೂ ಬಡಿದಳು. ಇಡೀ ಮೇಲಿನ ಕೇರಿ ಮೊಳಗಿತು. ಅದರ ನಡುವೆ ಕಟ್ಟೆಯ ಕಡೆಯಿಂದ ಜನರ ಕೇಕೆ, ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಸೆರಗು ಹೊದ್ದ ಅಜ್ಜಿ. ಒಳಗೆಲ್ಲ ಕಣ್ಣಾಡಿಸಿ, “ಹಾವೂ ಇಲ್ಲ, ಚೇಳೂ ಇಲ್ಲ. ಅತ್ತೆಮ್ಮ ಎಲ್ಲಿ?” ಎಂದಳು. “ನೀರಿಗೆ ಹೋಗವ್ರೆ,” ಎಂದೆ ನಾನು.

ಕೊಪ್ಪರಿಗೆ ಬರಲೇ ಇಲ್ಲ. ಬಚ್ಚಲಿಗೆ ಬಿದ್ದದ್ದು ಬಿದ್ದಂತೆಯೇ. ಚಿಕ್ಕತಾಯಕ್ಕ ಈಗಲೂ ಮದುವೆಯ ದಿನಗಳಲ್ಲಿ ಅದನ್ನು ನೆನೆದು ಯಂತ್ರದ ಕುಲವನ್ನೆಲ್ಲ ಬೈಯುತ್ತಾಳೆ.

ಮರುದಿನ ಕೆಲಸ ಕಳೆದುಕೊಳ್ಳಲು ಸ್ನಾನ ಮಾಡಿ ಕಚೇರಿಗೆ ಹೋದೆ. ಪರಶಿವಮೂರ್ತಿ ಪರದೆಗೆ ಮೂಗು ತಾಗಿಸಿ ಕೂತಿದ್ದರು. ಹುಣಸೆ ಸಾಲಿನ ಮನೆಗಳ ನಡುವೆ ಒಂದು ಹೆಸರಿನ ಮೊದಲಿಗೆ ಪುಟ್ಟ ಖಾಲಿ ಚೌಕ. ರೂಪವಿಲ್ಲದ ಅಕ್ಷರವನ್ನು ಯಂತ್ರ ಹಾಗಲ್ಲದೆ ಇನ್ನು ಹೇಗೆ ತೋರಿಸೀತು?

“ಏನ್ರೀ ಇದು, ಚೌಕ?”

“ಮನೆ ಸಾರ್. ನಾಲ್ಕು ಗೋಡೆ ಕಾಣ್ತಿಲ್ವಾ?”

“ಅಳಿಸ್ತೀನಿ.”

“ಅಳಿಸಿ ಸಾರ್.”

ಅಳಿಸಬೇಕಾದರೆ ಮೊದಲು ಕೀಲಿಮಣೆಯಲ್ಲಿ ಆ ಹೆಸರು ಒತ್ತಬೇಕು. ಹೆಸರು ಒತ್ತಲು ಆ ಅಕ್ಷರ ಬೇಕು. ಅವರ ಬೆರಳು ಕೀಲಿಮಣೆಯ ಮೇಲೆ ಈ ಮೂಲೆಯಿಂದ ಆ ಮೂಲೆಯವರೆಗೆ ಬಹಳ ಹೊತ್ತು ಅಲೆಯಿತು. ಹೊರಗೆ ಆಗಲೇ ಸಾಲು ನಿಂತಿತ್ತು. ಎಲ್ಲರಿಗಿಂತ ಮುಂದೆ ‘ಇಷ್ಟೇನಾ?’ದ ಯಜಮಾನರು, ಕಂಕುಳಲ್ಲಿ ಶಾಂತಿ ನಿಲಯದ ಫಲಕ. “ಪಂಚಾಕ್ಷರಿ, ನಮ್ಗೂ ಒಂದ್ ಚೌಕ ಹಾಕ್ಕೊಡಪ್ಪ. ಇದನ್ನ ಎಮ್ಮೆ ಕೊಟ್ಟಿಗೆಗೆ ಬಾಗ್ಲು ಮಾಡ್ಕೋತೀನಿ.” ಪರಶಿವಮೂರ್ತಿ ಕಿಟಕಿಯಿಂದ ಆ ಸಾಲನ್ನು ನೋಡಿದರು, ನನ್ನನ್ನು ನೋಡಿದರು, ಕುರ್ಚಿ ಹಿಂದಕ್ಕೆ ಸರಿಸಿ ಕಾಫಿಗೆ ಎದ್ದು ಹೋದರು. ನಾನು ಆ ಕುರ್ಚಿಯಲ್ಲಿ ಕೂತೆ.

ನಿಂಗಾಜಮ್ಮಜ್ಜಿ ಈಗಲೂ ದಿನಾ ಬ‌ರುತ್ತಾಳೆ, ಕಾಫಿ ಕುಡಿಯುತ್ತಾಳೆ, ಮೇಲ್ವಿಚಾರಕರನ್ನೂ ಸೇರಿಸಿ ಐದು ಜನರನ್ನು ಬೈಯುತ್ತಾಳೆ. ಬಲಗೈಯಲ್ಲೇ ಚಿಟಿಕೆ ಹೊಡೆದು ಹೊರಡುತ್ತಾಳೆ. “ತಲುಪಿತು” ಎನ್ನುತ್ತದೆ ಯಂತ್ರ. ನಾನು ಕೊಳವೆಯ ಬಾಯಿಗೆ ಕೈ ಅಡ್ಡ ಇಡುತ್ತೇನೆ.

“ತಲುಪಿತು ಅಂದಿತಲ್ಲ, ಮುಂದಿನವ್ರನ್ನ ಬಿಡ್ರೀ,” ಎನ್ನುತ್ತಿದ್ದರು ಪರಶಿವಮೂರ್ತಿ, ಮೊದಮೊದಲು.

“ಕೊಪ್ಪರಿಗೆಗೂ ಹಾಗೇ ಅಂದಿತ್ತು ಸಾರ್.”

ಈಗ ಸಾಲಿನಲ್ಲಿ ನಿಂತವರು ಮಾತು ನಿಲ್ಲಿಸುತ್ತಾರೆ, ಮಾದಪ್ಪ ಲೋಟ ತೊಳೆಯುವುದನ್ನು ನಿಲ್ಲಿಸುತ್ತಾನೆ, ಪರಶಿವಮೂರ್ತಿಯವರೂ ಕಿಟಕಿಯ ಬಳಿ ಬಂದು ಮೇಲಿನ ಕೇರಿಯ ಕಡೆಗೆ ಕಿವಿ ಕೊಟ್ಟು ನಿಲ್ಲುತ್ತಾರೆ. ಠಣ್ ಎಂದ ಮೇಲೆಯೇ ನಾನು ಕೈ ತೆಗೆಯುವುದು.